ಶುಕ್ರವಾರದ ಹಾಲು

ನಮ್ಮ ಊರಲ್ಲಿ ಶುಕ್ರವಾರ ಮನೆಯಿಂದ ಹಾಲು ಹೊರಗೆ ಹೋಗುವುದಿಲ್ಲ. ಹೆತ್ತ ಮಗಳೇ ಬಂದು ಕೇಳಿದರೂ ಇಲ್ಲೇ ಕುಂತು ಕುಡಿದು ಹೋಗು ಅನ್ನುತ್ತಾರೆಯೇ ಹೊರತು ಪಾತ್ರೆಗೆ ಹಾಕಿ ಕಳಿಸುವುದಿಲ್ಲ. ಹಾಲಿನ ಹಿಂದೆಯೇ ಲಕ್ಷ್ಮಿಯೂ ಹೊಸ್ತಿಲು ದಾಟುತ್ತಾಳೆ ಎಂಬ ನಂಬಿಕೆ. ನಾನು ಹಿರಿಯೂರಿನ ಕಾಲೇಜಿನಲ್ಲಿ ಇತಿಹಾಸ ಹೇಳಿಕೊಟ್ಟು ನಿವೃತ್ತಳಾದವಳು, ಯಾವ ನಂಬಿಕೆ ಎಲ್ಲಿ ಹುಟ್ಟಿತು ಎಂದು ಕೆದಕುವ ಚಟದವಳು. ಆದರೂ ಹಸು ಇದ್ದ ಕಾಲದಲ್ಲಿ ನಮ್ಮ ಮನೆಯಿಂದಲೂ ಶುಕ್ರವಾರ ಹಾಲು ಹೊರಗೆ ಹೋಗಿದ್ದಿಲ್ಲ.

ಅಣು ವಿದ್ಯುತ್ ಸ್ಥಾವರದ ಜೀಪು ನಮ್ಮ ಮುದ್ದಕ್ಕನಹಟ್ಟಿಗೆ ಹಾಲಿಗೆಂದು ಬರುತ್ತಿದ್ದದ್ದು ಶುಕ್ರವಾರವೇ.

ಸ್ಥಾವರ ಇರುವುದು ಹರಿಯಬ್ಬೆಯ ಕಡೆಯಿಂದ ನೋಡಿದರೆ ಗುಡ್ಡಗಳ ಆಚೆ. ಬಿಳಿ ಗುಮ್ಮಟದ ತುದಿಯೊಂದು ಮಾತ್ರ ನಮಗೆ ಕಾಣುತ್ತದೆ. ಸುತ್ತಲಿನ ಹಳ್ಳಿಗಳಿಂದ ನೀರು, ಸೊಪ್ಪು, ಹಾಲು ತಂದು ಪರೀಕ್ಷೆ ಮಾಡುತ್ತಲೇ ಇರಬೇಕು ಎಂಬುದು ಅವರಿಗಿರುವ ಕಟ್ಟಳೆ. ಗಾಳಿಯಲ್ಲಿ ಏನಾದರೂ ಬಂದು ಹುಲ್ಲಿನ ಮೇಲೆ ಕೂತರೆ, ಹುಲ್ಲು ಮೇಯ್ದ ಹಸುವಿನ ಹಾಲಿನಲ್ಲಿ ಅದು ಬೇಗ ಸಿಕ್ಕಿಬೀಳುತ್ತದಂತೆ. ನಮ್ಮ ದಿಕ್ಕಿನ ಹಾಲಿಗೆ ಅವರು ಗುರುತು ಮಾಡಿಕೊಂಡಿದ್ದದ್ದು ನನ್ನ ಪಕ್ಕದ ಮನೆಯ ಹೊನ್ನಕ್ಕನ ಹಸುವನ್ನು.

ಹಾಲು ಒಯ್ಯಲು ಬರುತ್ತಿದ್ದವನು ಜವನಗೊಂಡನಹಳ್ಳಿಯ ಪಾಪಣ್ಣ. ಸ್ಥಾವರದ ಪರೀಕ್ಷಾಲಯದಲ್ಲಿ ಡಬ್ಬಿ ಹೊರುವ, ಜೀಪು ಓಡಿಸುವ ಕೆಲಸ ಅವನದು. ಹೊಸ್ತಿಲಿಂದ ದೂರವೇ ಚಪ್ಪಲಿ ಬಿಡುತ್ತಿದ್ದ. ದಾರಿಯಲ್ಲಿ ಕೋಳಿ ಮರಿಗಳು ದಾಟುತ್ತಿದ್ದರೆ ಜೀಪು ನಿಲ್ಲಿಸಿ ಕಾಯುತ್ತಿದ್ದ. ನನ್ನ ಬಿಪಿ ಮಾತ್ರೆ ಹಿರಿಯೂರಿನಿಂದ ತಂದುಕೊಟ್ಟು, ಚೀಟಿಯ ಹೆಸರಿಗೂ ಮಾತ್ರೆಯ ಹೆಸರಿಗೂ ಹೊಂದಿಕೆಯಾಯಿತೇ ನೋಡ್ರಮ್ಮ ಎಂದು ನಿಂತು ನೋಡಿಸಿ ಹೋಗುತ್ತಿದ್ದ. ಒಳ್ಳೆಯ ಮನುಷ್ಯ. ಈ ಕಥೆಯಲ್ಲಿ ಒಳ್ಳೆಯತನದಿಂದಲೂ ಕೆಟ್ಟದ್ದು ನಡೆಯಿತು ಎಂಬುದಕ್ಕಾಗಿ ಇದನ್ನು ಮೊದಲೇ ಹೇಳುತ್ತಿದ್ದೇನೆ.

ಮೊದಲ ಸಲ ಅವನು ಬಂದು ಹಾಲು ಕೇಳಿದಾಗ ಹೊನ್ನಕ್ಕ ತಬ್ಬಿಬ್ಬಾದಳಂತೆ. ಶುಕ್ರವಾರ. ಕೊಡುವ ಹಾಗಿಲ್ಲ. ಸರ್ಕಾರದವನು ಬಾಗಿಲಿಗೆ ಬಂದು ಹಾಲು ಕೇಳುತ್ತಿದ್ದಾನೆ, ಇಲ್ಲ ಅನ್ನುವ ಹಾಗೂ ಇಲ್ಲ. ಕುಂತ್ಕಳ್ರಿ, ಮಜ್ಜಿಗೆ ಕುಡೀರಿ ಎಂದು ಅವನನ್ನು ಜಗಲಿಯ ಮೇಲೆ ಕೂರಿಸಿ, ಮಗ ಹನುಮೇಶನನ್ನು ಹಿತ್ತಲ ಬಾಗಿಲಿನಿಂದ ಬಸ್‌ಸ್ಟ್ಯಾಂಡಿನ ಅಂಗಡಿಗೆ ಓಡಿಸಿದಳು. ಅವನು ತಂದ ಪ್ಯಾಕೆಟ್ ಹಾಲನ್ನು ಹುಣಿಸೆಹಣ್ಣು ಹಾಕಿ ತಿಕ್ಕಿದ ತಂಬಿಗೆಗೆ ಸುರಿದು, ಈಗ ತಾನೇ ಕರೆದಂತೆ ಕೈಗೆ ಬೆಚ್ಚಗಿರಲಿ ಎಂದು ಒಲೆಯ ಮೇಲೆ ಒಂದಿಷ್ಟು ಇಟ್ಟು, ಪಾಪಣ್ಣನ ಡಬ್ಬಿಗೆ ತುಂಬಿಸಿ ಕಳಿಸಿದಳು. ಬಂದವನು ಬರಿಗೈಲಿ ಹೋಗಲಿಲ್ಲ, ಲಕ್ಷ್ಮಿಯೂ ಹೊಸ್ತಿಲು ದಾಟಲಿಲ್ಲ. ಎರಡೂ ಉಳಿದವು ಎಂದು ಅವತ್ತು ನನಗೆ ಹೇಳಿ ನಕ್ಕಿದ್ದಳು. ನಾನೂ ನಕ್ಕೆ. ಡೈರಿಯಲ್ಲಿ ಕೊಬ್ಬು ನೋಡುತ್ತಾರಲ್ಲ, ಅಂಥದ್ದೇ ಏನೋ ಒಂದು ಪರೀಕ್ಷೆ ಇರಬೇಕು ಅಂದುಕೊಂಡಿದ್ದೆವು.

ಆಮೇಲೆ ಅದೇ ರೂಢಿಯಾಯಿತು. ಜೀಪಿನ ಸದ್ದು ಹಳ್ಳದ ಬಳಿ ಕೇಳುತ್ತಲೇ ಹನುಮೇಶ ಅಂಗಡಿಗೆ. ಒಂದು ಬೇಸಿಗೆಯಲ್ಲಿ, ಈ ಬಿಸಿಲಲ್ಲಿ ನೀವು ಪ್ಲಾಂಟ್ ಮುಟ್ಟೋ ಹೊತ್ತಿಗೆ ಹಾಲು ಒಡೆದುಹೋಗ್ತೈತಲ್ಲಪ್ಪ ಎಂದು ಹೊನ್ನಕ್ಕ ಸಂಕಟಪಟ್ಟಳು. ಒಡೆದ ಹಾಲು ಕೊಟ್ಟಳು ಎಂಬ ಹೆಸರು ತನಗೆ ಬರಬಾರದು ಎಂಬುದು ಅವಳ ಚಿಂತೆ.

"ಒಡೆದ್ರೂ ನಡೀತೈತೆ ಹೊನ್ನಕ್ಕ," ಅಂದಿದ್ದ ಪಾಪಣ್ಣ. "ನಮ್ ಮಿಷನ್ನೇನು ಕಾಫಿ ಕಾಯಿಸ್ಕೊಳ್ಳಾಕಿಲ್ಲ. ಹಾಲಲ್ಲಿ ಇದ್ದದ್ದು ಒಡೆದ ಹಾಲಲ್ಲೂ ಇರ್ತೈತೆ, ಅಷ್ಟೇ ನೋಡಾದು."

ಹೀಗೆ ವರ್ಷಗಳು ಹೋದವು. ಹೊನ್ನಕ್ಕನ ಸೊಸೆ ಶಾಲಿನಿಗೆ ಹೆಣ್ಣು ಮಗುವಾಯಿತು. ಮಗು ಹೊನ್ನಕ್ಕನ ಹಸುವಿನ ಹಾಲು ಕುಡಿದೇ ದುಂಡಗಾಯಿತು.

ಹೋದ ವರ್ಷ ಸ್ಥಾವರದವರು ಹಳೆಯ ಯಂತ್ರಗಳನ್ನು ತೆಗೆದು ಹೊಸವನ್ನು ಕೂರಿಸಲು ಹೊರಟರು. ನೀರು ಕುದಿಸಿ ಹಬೆ ಮಾಡುವ ದೊಡ್ಡ ದೊಡ್ಡ ಕೊಳವೆಪಾತ್ರೆಗಳಂತೆ. ಹಳೆಯವನ್ನು ಕತ್ತರಿಸಿ ಹೊರಗೆ ಎಳೆಯಬೇಕು, ಒಳಗೆ ಅಂಟಿಕೊಂಡಿರುವುದನ್ನು ಜೋಪಾನ ಮಾಡಬೇಕು, ಹೊಸವು ಬಂದ ಮೇಲೆ ವಿದ್ಯುತ್ತನ್ನೂ ಹೆಚ್ಚಿಗೆ ತೆಗೆಯಬೇಕು. ಅದಕ್ಕೆ ಮುಂಚೆ ಪರಿಸರದ ಪರಿಶೀಲನೆ ಆಗಬೇಕು, ಜನರನ್ನು ಕೇಳಬೇಕು ಎಂಬುದು ಕಾನೂನು. ವರದಿಯ ಕನ್ನಡ ಸಾರಾಂಶವನ್ನು ಪಂಚಾಯ್ತಿ ಕಚೇರಿಯಲ್ಲಿ ಇಟ್ಟಿದ್ದರು. ಹನುಮೇಶ ಒಂದು ಪ್ರತಿ ತಂದು, ಟೀಚರಮ್ಮ, ಇದ್ರಾಗೆ ನಮ್ಮವ್ವನ ಹೆಸರೈತೆ ಎಂದು ಹಿಗ್ಗಿನಿಂದ ನನ್ನ ಕೈಗೆ ಕೊಟ್ಟ.

ಜಗಲಿಯ ಮೇಲೆ ಕೂತು ನಾನೇ ಓದಿ ಹೇಳಿದೆ. ಹೊನ್ನಕ್ಕ ಮಡಿಲಲ್ಲಿ ಮಗುವನ್ನು ಕೂರಿಸಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಮುದ್ದಕ್ಕನಹಟ್ಟಿಯ ಶ್ರೀಮತಿ ಹೊನ್ನಕ್ಕನವರ ಹಸುವಿನ ಹಾಲಿನಲ್ಲಿ ಇಷ್ಟು ವರ್ಷವೂ ಸ್ಥಾವರದಿಂದ ಬಂದದ್ದೆನ್ನುವಂಥ ಏನೂ ಕಂಡುಬಂದಿಲ್ಲ ಎಂದಿತ್ತು. ಉಳಿದ ಹಳ್ಳಿಗಳ ಹಾಲಿನಲ್ಲೂ ಇಲ್ಲ. ಇಷ್ಟು ನಿರ್ಮಲವಾದ ದಾಖಲೆ ಇರುವುದರಿಂದ ಯಂತ್ರ ಬದಲಿಸುವ ಮುಂಚೆ ಸುತ್ತಲ ಹಳ್ಳಿಗಳಲ್ಲಿ ಹೊಸದಾಗಿ ಅಧ್ಯಯನ ಮಾಡುವ ಅಗತ್ಯವಿಲ್ಲ ಎಂದೂ ಇತ್ತು.

ಅವರೆಕಾಯಿ ಹೊನ್ನಕ್ಕನ ಕೈಯಲ್ಲೇ ಉಳಿಯಿತು.

"ನಮ್ ಹಸಿನ ಹಾಲನ್ನ ಅವ್ರು ಯಾವಾಗ ನೋಡ್ಯಾರೆ ಟೀಚರಮ್ಮ?" ಅಂದಳು.

ಅವಳು ಮಡಿಲಲ್ಲಿದ್ದ ಮಗುವಿನ ಬಾಯಿ ನೋಡಿದಳು. ಬೆಳಗಿನ ಹಾಲಿನ ಬಿಳಿ ಗೆರೆ ತುಟಿಯ ಮೇಲೆ ಇನ್ನೂ ಇತ್ತು. ಸೆರಗಿನಿಂದ ಅದನ್ನು ಒರೆಸಿದಳು. ಒಂದು ಸಲ ಒರೆಸಿದರೆ ಸಾಕಿತ್ತು, ಮತ್ತೆ ಮತ್ತೆ ಒರೆಸಿದಳು.

ಹಾಲು ಕೆಟ್ಟಿದೆ ಎಂದು ನಾನು ಹೇಳುತ್ತಿಲ್ಲ. ಹೊನ್ನಕ್ಕನೂ ಹೇಳಲಿಲ್ಲ. ಒಳ್ಳೆಯದೇ ಇರಬಹುದು. ಆದರೆ ಯಾರಿಗೂ ಗೊತ್ತಿಲ್ಲ, ಗೊತ್ತಿದೆ ಎಂದು ಅವಳ ಹೆಸರಿನಲ್ಲಿ ಅಚ್ಚು ಹಾಕಿದ್ದಾರೆ. ಆ ದಿನದಿಂದ ಅವಳಿಗೆ ಬೇಕಾದದ್ದು ಒಂದೇ. ಪರಿಶೀಲನೆ ಮುಗಿಯುವ ಮುಂಚೆ ತನ್ನ ಹಸುವಿನ ಹಾಲನ್ನು, ನಿಜವಾದ ಹಾಲನ್ನು, ಯಾರಾದರೂ ಒಮ್ಮೆ ನೋಡಬೇಕು.

ಮುಂದಿನ ಸಲ ಪಾಪಣ್ಣ ಬಂದಾಗ ಅವಳು ತಂಬಿಗೆ ತರಲಿಲ್ಲ. ಎಲ್ಲವನ್ನೂ ಹೇಳಿದಳು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಅವನಿಗೆ ಮೊದಲೇ ಗೊತ್ತಿತ್ತು. ಬಚ್ಚಲ ಬಳಿ ಕತ್ತರಿಸಿದ ಪ್ಯಾಕೆಟ್ಟುಗಳು ಬಿದ್ದಿದ್ದನ್ನು ಎಂದೋ ನೋಡಿದ್ದ. ಕೇಳಿದರೆ ನಿಮ್ಮ ಮುಖ ಸಣ್ಣದಾಗ್ತೈತೆ ಅಂತ ಸುಮ್ಮನಿದ್ದೆ ಹೊನ್ನಕ್ಕ ಅಂದ. ಆದರೂ ಮನಸ್ಸು ತಡೆಯದೆ ಮೇಲಿನವರಾದ ಪ್ರಸನ್ನಕುಮಾರ್ ಅವರ ಕಿವಿಗೆ ಹಾಕಿದ್ದನಂತೆ. ಅವರು ನಕ್ಕು, ಅದು ಅವರ ಪದ್ಧತಿ, ನಾವು ಗೌರವಿಸಬೇಕು, ನೀನು ಡಬ್ಬಿ ತಾ ಅಂದಿದ್ದರಂತೆ. ಬೇರೆ ದಿನ ಹೋಗಿ ತರಲೇ ಎಂದು ಕೇಳಿದ್ದಕ್ಕೆ, ಶನಿವಾರ ಭಾನುವಾರ ಪರೀಕ್ಷೆಯ ಯಂತ್ರ ಖಾಲಿ ಇರುತ್ತದೆ, ಆದ್ದರಿಂದ ಹಾಲು ಶುಕ್ರವಾರವೇ ಬರಬೇಕು ಅಂದಿದ್ದರಂತೆ.

ಹೊನ್ನಕ್ಕ ಮಾಡಿದ್ದು ಬಂದವನನ್ನು ಬರಿಗೈಲಿ ಕಳಿಸಬಾರದೆಂದು. ಪಾಪಣ್ಣ ಸುಮ್ಮನಿದ್ದದ್ದು ಅವಳ ಮುಖ ಸಣ್ಣದಾಗಬಾರದೆಂದು. ಇಬ್ಬರ ಈ ದಾಕ್ಷಿಣ್ಯದ ಮೇಲೆ ಮೂರನೆಯವನೊಬ್ಬ ಕಾಲು ಚಾಚಿ ಕೂತಿದ್ದ.

ಜನರನ್ನು ಕೇಳುವ ಸಭೆಯನ್ನು ಹಿರಿಯೂರಿನ ಕಲ್ಯಾಣ ಮಂಟಪದಲ್ಲಿ ಇಟ್ಟಿದ್ದರು. ಹಿಂದಿನ ದಿನದ ಮದುವೆಯ ಹೂವಿನ ಕಮಾನು ವೇದಿಕೆಯ ಮೇಲೆ ಹಾಗೇ ಇತ್ತು. ಬಾಗಿಲಲ್ಲೇ ಕೇಸರಿಬಾತು, ಪಲಾವು. ಊಟ ಮುಗಿಸಿದ ಅರ್ಧ ಜನ ಸಭೆ ಶುರುವಾಗುವ ಮುಂಚೆಯೇ ಹೊರಟುಹೋದರು. ಅದಕ್ಕೇ ಊಟ ಮೊದಲು ಇಟ್ಟಿದ್ದರೋ ಏನೋ. ಅಧ್ಯಕ್ಷತೆ ಚಿತ್ರದುರ್ಗದ ಪರಿಸರ ಕಚೇರಿಯ ಅಧಿಕಾರಿ ಪರಮೇಶ್ವರಪ್ಪನವರದು. ಪಕ್ಕದಲ್ಲಿ ಪ್ರಸನ್ನಕುಮಾರ್. ಚಿಕ್ಕ ವಯಸ್ಸು, ಚೊಕ್ಕ ಕನ್ನಡ, ಹಿರಿಯರು ಕಂಡರೆ ಬಗ್ಗಿ ಕಾಲು ಮುಟ್ಟುವ ಅಭ್ಯಾಸ. ನನ್ನ ಕಾಲನ್ನೂ ಮುಟ್ಟಿದ. ಆ ಕೈ ತಣ್ಣಗೆ, ಮೆತ್ತಗೆ ಇತ್ತು. ಮನೆಗೆ ಬಂದು ಕಾಲು ತೊಳೆದುಕೊಂಡೆ.

ಹೊನ್ನಕ್ಕನ ಸರದಿ ಬಂತು. ಮೈಕು ಅವಳಿಗಿಂತ ಎತ್ತರವಿತ್ತು. ಯಾರೋ ಒಬ್ಬ ಹುಡುಗಿ ಬಂದು ಅದನ್ನು ತಗ್ಗಿಸಿ, ಅವಳ ಬೆನ್ನು ತಟ್ಟಿ ಹೋದಳು. ನೀವು ಬರೆದಿರೋದು ನಮ್ಮ ಹಸುವಿನ ಹಾಲಲ್ಲ, ಅದು ಅಂಗಡಿಯ ಪ್ಯಾಕೆಟ್ ಹಾಲು, ಶುಕ್ರವಾರ ನಾವು ಹಾಲು ಕೊಡುವುದಿಲ್ಲ ಎಂದು ಹೊನ್ನಕ್ಕ ಸುತ್ತು ಬಳಸದೆ ಹೇಳಿಬಿಟ್ಟಳು.

ಸಭೆ ಗೊಳ್ಳೆಂದು ನಕ್ಕಿತು. ಹಿಂದಿನ ಸಾಲಿನಿಂದ ಒಬ್ಬ, "ಅಲ್ಲಮ್ಮ, ಪ್ಯಾಕೆಟ್ ಹಾಲಿಗೆ ನೀರು ಬೆರೆಸಿದ್ಯೋ ಇಲ್ವೋ, ಅದನ್ನೂ ಹೇಳಿಬಿಡು" ಅಂದ.

"ಸರ್ಕಾರಕ್ಕೆ ಕೊಟ್ಟ ಹಾಲಿಗೆ ಬೆರೆಸಿಲ್ಲ ಕಣಪ್ಪ," ಅಂದಳು ಹೊನ್ನಕ್ಕ. "ನಿಮ್ಮನೇಗೆ ಕೊಡಾವಾಗ ನೋಡಾಣ."

ನಗು ಇನ್ನೂ ನಿಂತಿರಲಿಲ್ಲ, ಇನ್ನೊಂದು ಹಳ್ಳಿಯ ಕೊಟ್ರಮ್ಮ ಎಂಬಾಕೆ ಕೂತಲ್ಲಿಂದಲೇ ಎದ್ದು, ನಮ್ಮನೇಲೂ ಹಂಗೇ ಸಾರ್, ಶುಕ್ರವಾರ ಕೊಡಾಕಿಲ್ಲ, ನಾವೂ ಪ್ಯಾಕೆಟ್ಟೇ ಹುಯ್ದಿರಾದು ಅಂದಳು. ಅವಳ ಹಿಂದೆ ಮತ್ತೊಬ್ಬಳು. ಅವರೆಲ್ಲ ಇಷ್ಟು ವರ್ಷ ತಮ್ಮೊಬ್ಬರದೇ ಗುಟ್ಟು ಎಂದುಕೊಂಡಿದ್ದವರು. ಈಗ ಒಬ್ಬರ ಮುಖ ಒಬ್ಬರು ನೋಡಿದರು. ನಗು ಒಂದೊಂದೇ ಸಾಲಿನಲ್ಲಿ ಆರುತ್ತಾ ಬಂತು. ಗುಡ್ಡದ ಸುತ್ತಲ ಹಳ್ಳಿಗಳ ಹಾಲು ಅಂತ ವರದಿಯಲ್ಲಿ ಇದ್ದದ್ದೆಲ್ಲ ಎಲ್ಲೋ ದೂರದ ಹಸುಗಳ ಹಾಲು ಎಂಬುದು ಎಲ್ಲರಿಗೂ ಹೊಳೆದಿತ್ತು.

ಪ್ರಸನ್ನಕುಮಾರ್ ಮಾತ್ರ ನಗುಮುಖ ಬಿಡಲಿಲ್ಲ. ಎದ್ದು ಕೈಮುಗಿದು, ಇಂಥ ಮುಗ್ಧ ಆತಿಥ್ಯ ಬೇರೆ ಯಾವ ಸೀಮೆಯಲ್ಲಿ ಸಿಗುತ್ತದೆ, ಈ ತಾಯಂದಿರ ಸಂಸ್ಕೃತಿಗೆ ನಮಸ್ಕಾರ ಎಂದು ಚಪ್ಪಾಳೆ ಹೊಡೆಸಿದ. ಪರಮೇಶ್ವರಪ್ಪ ಚಪ್ಪಾಳೆ ಹೊಡೆಯಲಿಲ್ಲ. ಹೊನ್ನಕ್ಕನವರ ಮನೆಯಿಂದ ಸಾಕ್ಷಿಗಳ ಮುಂದೆ ಹಾಲಿನ ಮಾದರಿ ಹೊಸದಾಗಿ ತೆಗೆದು ಕಡತಕ್ಕೆ ಸೇರಿಸಬೇಕು, ಅಲ್ಲಿಯವರೆಗೆ ಪರಿಶೀಲನೆ ಮುಗಿಸುವಂತಿಲ್ಲ ಎಂದು ಬರೆಸಿದರು. ಬಸ್ಸಿನಲ್ಲಿ ಬರುವಾಗ ಹೊನ್ನಕ್ಕ ನನಗೆ ಕಿಟಕಿಯ ಸೀಟು ಬಿಟ್ಟುಕೊಟ್ಟು, ಮನುಷ್ಯರು ಇದಾರೆ ಟೀಚರಮ್ಮ ಅಂದಳು.

ವಾರ ಕಳೆದು ಸುದ್ದಿ ಬಂತು. ಜೀಪು ಬರುವುದು ಶುಕ್ರವಾರ. ಹನುಮೇಶ ಫೋನ್ ಮಾಡಿ ಬೇರೆ ದಿನ ಕೇಳಿದ. ಪರೀಕ್ಷಾಲಯದ ವೇಳಾಪಟ್ಟಿ ಬದಲಾಗುವುದಿಲ್ಲ ಅಂದರು.

ಹೊನ್ನಕ್ಕ ಎರಡು ದಿನ ಕೊಟ್ಟಿಗೆ ಬಿಟ್ಟು ಬರಲಿಲ್ಲ. ಅವಳ ಅತ್ತೆ ಒಮ್ಮೆ ಶುಕ್ರವಾರ ಹಾಲು ಕೊಟ್ಟ ವಾರದಲ್ಲೇ ಕೊಟ್ಟಿಗೆಯ ಕರು ಸತ್ತಿತ್ತಂತೆ. ಅತ್ತೆ ಸಾಯುವವರೆಗೂ ಅದನ್ನೇ ಹೇಳಿಕೊಂಡು ಅತ್ತಳಂತೆ. ಕರುವಿಗೆ ಬೇರೆ ಏನೋ ಆಗಿರುತ್ತದೆ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಅವಳ ಕೊಟ್ಟಿಗೆ, ಅವಳ ಅತ್ತೆ. ಶಾಲಿನಿಯೂ ಒತ್ತಾಯ ಮಾಡಲಿಲ್ಲ. ಹೊನ್ನಕ್ಕ ಹಾಸಿಗೆ ಬಿಡುವ ಮುಂಚೆ ಎದ್ದು ಕೊಟ್ಟಿಗೆ ಬಳಿದು, ಕಾಫಿ ಕಾಯಿಸಿ ಇಡುತ್ತಿದ್ದಳು ಅಷ್ಟೇ.

ಗುರುವಾರ ಸಂಜೆ ಹೊನ್ನಕ್ಕ ನನ್ನ ಜಗಲಿಗೆ ಬಂದು ಕೂತಳು.

"ಕೊಟ್ಟುಬಿಡ್ತೀನಿ," ಅಂದಳು. "ಲಕ್ಷ್ಮಿ ಹೋದ್ರೆ ಕೈಮುಗಿದು ವಾಪಸ್ ಕರೆಯಾಣ. ಮಗೀಗೆ ಏನಾದ್ರೂ ಆದ್ರೆ ಯಾರ್ನ ಕರೆಯಾದು?"

ಶುಕ್ರವಾರ ಬೆಳಿಗ್ಗೆ ಅವಳು ತಲೆಗೆ ಸ್ನಾನ ಮಾಡಿ, ಹಸುವಿನ ಹಣೆಗೆ ಕುಂಕುಮವಿಟ್ಟು, ಅದರ ಕಿವಿಯಲ್ಲಿ ಏನೋ ಹೇಳಿ ಹಾಲು ಕರೆದಳು. ನೊರೆ ಹಾಲಿನ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಹೊಸ್ತಿಲ ಒಳಗೆ ಒಂದು ಗಳಿಗೆ ನಿಂತಳು. ಕಣ್ಣು ಮುಚ್ಚಿಕೊಂಡು ದಾಟಿದಳು. ಜಗಲಿಯ ಮೇಲೆ ತಂಬಿಗೆ ಇಟ್ಟು, ಬಾಳೆಲೆ ಮುಚ್ಚಿ, ಪಕ್ಕದಲ್ಲಿ ಕೂತಳು.

ಜೀಪಿನ ಹಿಂದೆ ಒಂದು ಬಿಳಿ ಕಾರೂ ಬಂತು. ಪ್ರಸನ್ನಕುಮಾರನೇ ಇಳಿದ. ಒಂದು ತಟ್ಟೆಯಲ್ಲಿ ಹೂವು, ತೆಂಗಿನಕಾಯಿ, ಎಲೆಯಡಿಕೆ. ಜೊತೆಗೆ ಪಂಚಾಯ್ತಿಯ ಇಬ್ಬರು ಸದಸ್ಯರು, ಸಾಕ್ಷಿಗಳು. ಪಾಪಣ್ಣ ಜೀಪಿನ ಬಳಿಯೇ ನಿಂತ. ಪ್ರಸನ್ನಕುಮಾರ್ ಹೊನ್ನಕ್ಕನ ಕಾಲು ಮುಟ್ಟಿ, ತಟ್ಟೆಯನ್ನು ಅವಳ ಮಡಿಲಿಗಿಟ್ಟ.

"ನಿಮ್ಮ ಪದ್ಧತಿ ಮುರಿಸುವ ಪಾಪ ನಮಗೆ ಬೇಡಮ್ಮ," ಅಂದ. "ಇವತ್ತು ಶುಕ್ರವಾರ. ಅದಕ್ಕೇ ಹಾಲು ನಾವೇ ತಂದಿದ್ದೀವಿ."

ಕಾರಿನಿಂದ ಐಸು ತುಂಬಿದ ಪೆಟ್ಟಿಗೆ ಇಳಿಯಿತು. ಒಳಗೆ ಪ್ಯಾಕೆಟ್ ಹಾಲು. ಅದೇ ಬಸ್‌ಸ್ಟ್ಯಾಂಡಿನ ಅಂಗಡಿಯದು. ಇಷ್ಟು ವರ್ಷ ನಡೆದುಬಂದ ಹಾಗೇ ನಡೆಯಲಿ, ಹೋಲಿಸಿ ನೋಡಲು ಅದೇ ಒಳ್ಳೆಯದು ಎಂದು ಅವನು ವಿವರಿಸುತ್ತಿದ್ದ. ಸಾಕ್ಷಿಗಳು ಬೇರೆ ಕಡೆ ನೋಡುತ್ತಾ ತಲೆಯಾಡಿಸುತ್ತಿದ್ದರು. ಪ್ಯಾಕೆಟ್ಟುಗಳನ್ನು ಹೊನ್ನಕ್ಕನ ಹೊಸ್ತಿಲ ಮುಂದೆಯೇ ಕತ್ತರಿಸಿ, ಡಬ್ಬಿಗೆ ಸುರಿದು, ಅರಗು ಹಾಕಿದರು.

ನಾನು ಕೆಟ್ಟ ಮಾತು ಆಡಿದವಳಲ್ಲ. ಮೋಸ ಮಾಡುವವರನ್ನೂ ಬೇಕಾದಷ್ಟು ನೋಡಿದ್ದೇನೆ. ಮೋಸ ಮಾಡುವವನಿಗೆ ಒಂದು ಅಳುಕು ಇರುತ್ತದೆ, ಆ ಅಳುಕೇ ಅವನ ಮರ್ಯಾದೆ. ಇವನ ಮುಖದಲ್ಲಿ ಅದರ ನೆರಳೂ ಇರಲಿಲ್ಲ. ಹೂವಿನ ತಟ್ಟೆಯಲ್ಲಿ ಹೇಲು ಇಟ್ಟುಕೊಟ್ಟಂತೆ ಅನಿಸಿತು ನನಗೆ. ಈ ಮಾತನ್ನು ಬೇರೆ ಹೇಗೆ ಬರೆಯುವುದೋ ಗೊತ್ತಿಲ್ಲ.

ಹೊನ್ನಕ್ಕ ತಂಬಿಗೆಯ ಮೇಲಿನ ಬಾಳೆಲೆ ತೆಗೆದು, "ಕರೆದಿಟ್ಟೀನಿ ಸಾರ್. ಹೊರಗೆ ಬಂದೈತೆ. ಇದನ್ನ ತಗಳ್ರಿ" ಅಂದಳು.

ಅವನು ಮಗುವಿಗೆ ಹೇಳುವವನಂತೆ, ಇದನ್ನು ಮಗುವಿಗೆ ಕೊಡಿ ಅಮ್ಮ, ಬೆಳೆಯುವ ಮಗು ಅಂದ. ಅವಳ ಹೆಸರಿನ ಮುಂದೆ ಸಹಿ ಕೇಳಿದ. ಹೊನ್ನಕ್ಕ ಹಾಕಲಿಲ್ಲ. ಪರವಾಗಿಲ್ಲ, ಸಾಕ್ಷಿಗಳು ಹಾಕಿದ್ದಾರೆ ಎಂದು ಕಾರು ಹತ್ತಿದ.

ಜೀಪು ಹೊರಡುವುದು ಸ್ವಲ್ಪ ತಡವಾಯಿತು. ಪಾಪಣ್ಣ ಚಕ್ರ ನೋಡುವವನಂತೆ ಬಗ್ಗಿದ, ಎದ್ದ, ಹೋದ. ಧೂಳು ಇಳಿದ ಮೇಲೆ ನೋಡಿದರೆ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಒಂದು ಖಾಲಿ ಡಬ್ಬಿ. ಸ್ಥಾವರದ ಗುರುತು ಇದ್ದದ್ದು, ತೊಳೆದು ಒಣಗಿಸಿದ್ದು. ಪಾಪಣ್ಣ ಡಬ್ಬಿ ಮರೆಯುವವನಲ್ಲ.

ಹೊನ್ನಕ್ಕ ತಂಬಿಗೆಯ ಹಾಲನ್ನು ಅದಕ್ಕೆ ಸುರಿದು, ಮುಚ್ಚಳ ತಿರುಗಿಸಿ, ಹೋಗಾಣ ಟೀಚರಮ್ಮ ಅಂದಳು.

ಹಿರಿಯೂರಿನಲ್ಲಿ ಬಸ್ಸು ಬದಲಿಸಿ ಚಿತ್ರದುರ್ಗ ಸೇರುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಡಬ್ಬಿಯಿಂದ ಹುಳಿ ವಾಸನೆ ಶುರುವಾಗಿತ್ತು. ಎದುರಿನ ಸೀಟಿನವನೊಬ್ಬ ಮೂಗು ಮುರಿದು ಎದ್ದುಹೋದ. ಕಂಡಕ್ಟರ್ ಮಾತ್ರ ತನ್ನ ಬಾಟಲಿಯ ನೀರಿನಲ್ಲಿ ಟವೆಲ್ ನೆನೆಸಿ, ಡಬ್ಬಿಗೆ ಸುತ್ತಿಕೊಳ್ಳಿ ಅಜ್ಜಿ, ತಂಪಾಗಿರ್ತದೆ ಎಂದು ಕೊಟ್ಟ. ಅದರಲ್ಲಿ ಏನಿದೆ ಎಂದು ಕೇಳಲಿಲ್ಲ.

ಪರಮೇಶ್ವರಪ್ಪನವರು ನಮ್ಮನ್ನು ಕೂರಿಸಿದರು. ಅಷ್ಟರಲ್ಲಾಗಲೇ ಸ್ಥಾವರದಿಂದ ಅವರಿಗೆ ಫೋನು ಬಂದಾಗಿತ್ತು. ಮಾದರಿ ತೆಗೆದಾಯಿತಲ್ಲ, ಸಾಕ್ಷಿಗಳ ಸಹಿಯೂ ಇದೆಯಂತಲ್ಲ ಅಂದರು. ಹೊನ್ನಕ್ಕ ನಡೆದದ್ದನ್ನು ಹೇಳಿದಳು. ಅವರು ಕಣ್ಣು ಕೆಳಗೆ ಹಾಕಿ ಕೇಳಿದರು. ನಂಬಿದರು ಎಂಬುದು ಅವರ ಮುಖದಲ್ಲೇ ಕಾಣುತ್ತಿತ್ತು. ನಂಬಿಯೂ, ಪ್ರಕ್ರಿಯೆ ಪ್ರಕಾರ ಮುಗಿದಿದೆ ತಾಯಿ, ಸೋಮವಾರ ಕಡತ ಮೇಲಕ್ಕೆ ಹೋಗಬೇಕು, ನನ್ನ ಮೇಲೂ ಒತ್ತಡ ಇದೆ ಅಂದರು. ಸಭೆಯಲ್ಲಿ ಚಪ್ಪಾಳೆ ಹೊಡೆಯದ ಕೈಗಳು ಮೇಜಿನ ಮೇಲೆ ಒಂದನ್ನೊಂದು ಉಜ್ಜಿಕೊಳ್ಳುತ್ತಿದ್ದವು. ಪ್ರಸನ್ನಕುಮಾರನನ್ನು ಕಂಡು ಬಂದ ಹೇಸಿಗೆಗಿಂತ ಇದು ಹೆಚ್ಚಾಗಿತ್ತು. ಅವನಿಗೆ ಅರ್ಥವೇ ಆಗುವುದಿಲ್ಲ ಎಂದಾದರೂ ಅಂದುಕೊಳ್ಳಬಹುದಿತ್ತು. ಇವರಿಗೆ ಎಲ್ಲ ಅರ್ಥವಾಗಿತ್ತು.

ಹೊನ್ನಕ್ಕ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟಳು. ಹಾಲು ಉಬ್ಬಿ ಮುಚ್ಚಳದ ಅಂಚಿನಲ್ಲಿ ಜಿನುಗುತ್ತಿತ್ತು. ಪರಮೇಶ್ವರಪ್ಪ ಕರ್ಚೀಫು ಮೂಗಿಗೆ ಹಿಡಿದು ಕುರ್ಚಿ ಹಿಂದಕ್ಕೆ ಸರಿಸಿದರು.

"ಒಡೆದಿದೆಯಲ್ಲಮ್ಮ. ಒಡೆದ ಹಾಲನ್ನು ಏನು ಪರೀಕ್ಷೆ ಮಾಡೋದು?"

"ಒಡೆದ್ರೂ ನಡೀತೈತೆ ಸಾರ್. ಇದ್ದದ್ದು ಇದ್ದೇ ಇರ್ತೈತೆ."

ಯಾರು ಹೇಳಿದರು ಎಂದು ಕೇಳಿದರು. ಈ ಡಬ್ಬಿ ಸ್ಥಾವರದ್ದಲ್ಲವೇ, ಯಾರು ಕೊಟ್ಟರು ಎಂದೂ ಕೇಳಿದರು. ನನ್ನ ಬಾಯಿಗೆ ಪಾಪಣ್ಣನ ಹೆಸರು ಬಂದಿತ್ತು. ಹೊನ್ನಕ್ಕ ಮೇಜಿನ ಕೆಳಗೆ ನನ್ನ ಕೈ ಬಿಗಿಯಾಗಿ ಹಿಡಿದಳು. ಒಗೆಯುವ ಕಲ್ಲಿನ ಹಿಂದೆ ಬಿದ್ದಿತ್ತು ಸಾರ್, ಯಾರ್ದೋ ಗೊತ್ತಿಲ್ಲ ಅಂದಳು. ಡಬ್ಬಿ ತೆಗೆದುಕೊಂಡು ಹೋಗಿ ಎಂದು ಅವರು ಗಂಟೆ ಒತ್ತಿದರು.

ಹೊರಗೆ ಟಪಾಲು ವಿಭಾಗದಲ್ಲಿ ಆಶಾರಾಣಿ ಎಂಬ ಹೆಣ್ಣುಮಗಳು ಕೂತಿದ್ದಳು. ನನ್ನ ಮುಖ ನೋಡಿ, ಮೇಡಂ, ನೀವು ಹಿಸ್ಟರಿ ಮೇಡಂ ಅಲ್ವಾ ಎಂದು ಎದ್ದು ನಿಂತಳು. ನನಗೆ ನೆನಪಾಗಲಿಲ್ಲ. ಆಕೆ ಕುಡಿಯಲು ನೀರು ತರಿಸಿದಳು. ಹೊನ್ನಕ್ಕ ಅವಳಿಗೂ ಹೇಳಿದಳು, ಮೂರು ಮಾತಿನಲ್ಲಿ. ಆಶಾರಾಣಿ ಸೆರಗಿನ ತುದಿ ಮೂಗಿಗೆ ಹಿಡಿದು ಡಬ್ಬಿಯನ್ನು ಸ್ವಲ್ಪ ಹೊತ್ತು ನೋಡಿದಳು. ಸಾಹೇಬರ ಬಾಗಿಲ ಕಡೆ ನೋಡಿದಳು. ಆಮೇಲೆ ಒಂದು ಚೀಟಿಯ ಮೇಲೆ ಸಭೆಯ ಕಡತದ ಸಂಖ್ಯೆ ಬರೆದು, ಸ್ವೀಕೃತಿಯ ಸೀಲು ಒತ್ತಿ, ಅದನ್ನು ಡಬ್ಬಿಗೆ ಅಂಟಿಸಿದಳು.

"ಬಂದದ್ದಕ್ಕೆಲ್ಲ ಸೀಲು ಹಾಕೋದು ನನ್ನ ಕೆಲಸ ಮೇಡಂ," ಅಂದಳು. "ಬೇಡ ಅನ್ನೋದು ಅವರ ಕೆಲಸ. ಅದಕ್ಕೆ ಅವರೇ ಬರೆದು ಸಹಿ ಹಾಕಬೇಕು."

ಸೀಲು ಬಿದ್ದ ಮೇಲೆ ಅದು ಕಡತಕ್ಕೆ ಸೇರಿದ ವಸ್ತು. ಎಸೆಯುವಂತಿಲ್ಲ. ಏನು ಮಾಡಿದೆವು ಎಂದು ಬರೆಯದೆ ಕಡತ ಮೇಲಕ್ಕೆ ಹೋಗುವಂತಿಲ್ಲ. ಬೇಡವೆಂದು ಬರೆದರೆ ಯಾಕೆ ಬೇಡ ಎಂದೂ ಬರೆಯಬೇಕು. ಇದನ್ನೆಲ್ಲ ಆಕೆ ನಮಗೆ ಬಿಡಿಸಿ ಹೇಳಲಿಲ್ಲ. ಸರ್ಕಾರಿ ಕಾಲೇಜಿನಲ್ಲಿ ಕೆಲಸ ಮಾಡಿದವಳಿಗೆ ಬಿಡಿಸಿ ಹೇಳಬೇಕಾಗಿಯೂ ಇರಲಿಲ್ಲ.

ಸೋಮವಾರ ಕಳೆಯಿತು. ಇನ್ನೂ ಕೆಲವು ದಿನ ಕಳೆದವು. ಒಂದು ಬೆಳಿಗ್ಗೆ ಹನುಮೇಶನ ಫೋನಿಗೆ ಪರಮೇಶ್ವರಪ್ಪನವರೇ ಮಾಡಿದರು. ಹೊನ್ನಕ್ಕ ಕೊಟ್ಟಿಗೆಯಲ್ಲಿದ್ದಳು. ಹನುಮೇಶ ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಇಟ್ಟು ಅವಳ ಮುಂದೆ ಹಿಡಿದ. ಕಚೇರಿಯಲ್ಲಿ ಕೂರಲಾಗುತ್ತಿಲ್ಲ, ಹುಳ ಬಿದ್ದಿದೆ, ಸಿಬ್ಬಂದಿ ವರಾಂಡದಲ್ಲಿ ಮೇಜು ಹಾಕಿಕೊಂಡಿದ್ದಾರೆ, ದಯವಿಟ್ಟು ಯಾರನ್ನಾದರೂ ಕಳಿಸಿ ಡಬ್ಬಿ ವಾಪಸ್ ತರಿಸಿಕೊಳ್ಳಿ ಎಂದರು.

"ಶುಕ್ರವಾರ ಹೊರಗೆ ಹೋದ ಹಾಲು ಸಾರ್," ಅಂದಳು ಹೊನ್ನಕ್ಕ, ಕೆಚ್ಚಲಿನಿಂದ ಕೈ ತೆಗೆಯದೆ. "ವಾಪಸ್ ಒಳಗೆ ತರಂಗಿಲ್ಲ."

"ಹಾಗಾದ್ರೆ ನಾನೇನು ಮಾಡ್ಲಿ ಹೇಳಿ."

"ಪರೀಕ್ಷೆಗೆ ಕಳಿಸ್ರಿ. ಅದಕ್ಕೇ ಅಲ್ವೇ ಅದು ಹೊಸ್ತಿಲು ದಾಟಿದ್ದು?"

ಆ ಕಡೆ ಯಾರೋ ಹಿಂದೆ ಕೆಮ್ಮಿದರು, ಕಿಟಕಿ ತೆಗೆದ ಸದ್ದು ಕೇಳಿತು. ಕೊನೆಗೆ, ಸ್ಥಾವರಕ್ಕೆ ಸಂಬಂಧವಿಲ್ಲದ ಹೊರಗಿನ ಪರೀಕ್ಷಾಲಯವೊಂದಿದೆ, ಇವತ್ತೇ ಕಳಿಸುತ್ತೇನೆ, ಅಲ್ಲಿಂದ ಉತ್ತರ ಬರುವವರೆಗೆ ಕಡತ ಇಲ್ಲೇ ಇರುತ್ತದೆ ಎಂದು ಹೇಳಿ ಫೋನ್ ಇಟ್ಟರು. ಮಗುವಿಗಾಗಿ ಅಲ್ಲ, ಹೊನ್ನಕ್ಕನಿಗಾಗಿ ಅಲ್ಲ, ನ್ಯಾಯಕ್ಕಾಗಿ ಖಂಡಿತ ಅಲ್ಲ. ನಾತಕ್ಕೆ. ನನಗೆ ಸಂತೋಷವಾಗಬೇಕಿತ್ತು. ಬಾಯಲ್ಲಿ ಹುಳಿ ಬಂತು.

ಹೊನ್ನಕ್ಕನಿಗೆ ಆ ಯೋಚನೆ ಇದ್ದಂತೆ ಕಾಣಲಿಲ್ಲ. ಫೋನ್ ಇಡುತ್ತಲೇ ಅವಳು ಪಾಪಣ್ಣನಿಗೆ ಏನೂ ತೊಂದರೆಯಾಗಿಲ್ಲವಂತಾ ಎಂದು ಮಗನನ್ನು ಕೇಳಿದಳು. ಇಲ್ಲ, ಡಬ್ಬಿ ಕಳೆದದ್ದಕ್ಕೆ ಬೈದರಂತೆ ಅಷ್ಟೇ ಎಂದ ಹನುಮೇಶ.

ಉತ್ತರ ಇನ್ನೂ ಬಂದಿಲ್ಲ. ಬರುವವರೆಗೆ ಹೊನ್ನಕ್ಕ ಹಾಲು ಕರೆಯುವುದು ಕೆಚ್ಚಲು ಬಿಗಿಯದಿರಲಿ ಎಂದಷ್ಟೇ, ಉಳಿದದ್ದನ್ನೆಲ್ಲ ಕರುವಿಗೆ ಬಿಡುತ್ತಾಳೆ. ಕರು ಅಂಗಳದಲ್ಲಿ ನೆಗೆದಾಡುತ್ತದೆ. ಅದರ ಮೈ ಸವರುವಾಗ ಅವಳು ನೀನು ಕುಡೀಬಹುದೇನೋ, ಕುಡೀಬಾರದೇನೋ ಕಂದ ಎಂದು ಅದಕ್ಕೇ ಕೇಳುವಂತೆ ಹೇಳುತ್ತಿರುತ್ತಾಳೆ. ಮಗುವಿಗೆ ದಿನಾ ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಅಂಗಡಿಯಿಂದ ಪ್ಯಾಕೆಟ್ ಹಾಲು ಬರುತ್ತದೆ. ಹೊನ್ನಕ್ಕ ಅದನ್ನು ಹುಣಿಸೆಹಣ್ಣು ಹಾಕಿ ತಿಕ್ಕಿದ ತಂಬಿಗೆಗೆ ಸುರಿದು, ಈಗ ತಾನೇ ಕರೆದಂತೆ ಬೆಚ್ಚಗೆ ಮಾಡಿ ಕೊಡುತ್ತಾಳೆ. ಮಗು ಒಂದು ಗುಟುಕು ಕುಡಿದು, ತಂಬಿಗೆಯನ್ನು ದೂರ ತಳ್ಳಿ, ಕೊಟ್ಟಿಗೆಯ ಕಡೆ ಕೈ ತೋರಿಸುತ್ತದೆ.